ಅತ್ತೆಯ 'ರಾಣಿ' ಕತ್ತಾಳೆ: ಹದಿನಾರು ವರ್ಷಕ್ಕೆ ಒಂದು ತಟ್ಟೆಯಷ್ಟೇ, ಈಗ ಬುಡ ಬೇರೆ ಮೆತ್ತಗಾಗಿದೆ

ನಾಪೋಕ್ಲು ತೋಟದಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆಂಥೂರಿಯಂ, ಆರ್ಕಿಡ್ ಬಗ್ಗೆ ಇಲ್ಲಿ ಓದಿಯೇ ಕಲಿತವಳು ನಾನು. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ, ಈ ಗಿಡದ ಲೆಕ್ಕ ಪೂರ್ತಿ ಹೇಳದಿದ್ದರೆ ನೀವು ಉತ್ತರ ಕೊಡುವುದು ಕಷ್ಟ.

2009ರ ಜನವರಿಯಲ್ಲಿ ನಮ್ಮ ಅತ್ತೆ ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬಂದರು. ಬರುವಾಗ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದದ್ದು ನಿಂಬೆಹಣ್ಣಿನ ಗಾತ್ರದ ಒಂದು ಗಿಡ. ಚೀಟಿಯಲ್ಲಿ 'ಕ್ವೀನ್ ವಿಕ್ಟೋರಿಯಾ ಅಗೇವ್' ಅಂತ ಇತ್ತು, ಅಗೇವ್ ಅಂದರೆ ಕತ್ತಾಳೆ. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು 'ರಾಣಿ'. ಕಡು ಹಸಿರು, ದಪ್ಪ ಎಲೆ, ಒಂದರ ಮೇಲೊಂದು ಬಿಗಿಯಾಗಿ ಜೋಡಿಸಿದ ಹಾಗೆ. ಪ್ರತಿ ಎಲೆಯ ಅಂಚಿಗೂ ಬೆನ್ನಿಗೂ ಸುಣ್ಣದಲ್ಲಿ ಗೆರೆ ಎಳೆದಂತೆ ಬಿಳಿ ಪಟ್ಟಿ. ತುದಿಯಲ್ಲಿ ಒಂದು ಕಪ್ಪು ಮುಳ್ಳು. ಅಂಚಿನಲ್ಲಿ ಮುಳ್ಳೇ ಇಲ್ಲ.

ನಮ್ಮ ಅತ್ತೆಗೆ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು ಬರೆದಿಡುವ ಅಭ್ಯಾಸ. ಕಾಫಿ ಲೆಕ್ಕದ ಆ ಡೈರಿಯಲ್ಲೇ ಪ್ರತಿ ವರ್ಷ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಮಾರನೇ ದಿನ ರಾಣಿಯ ಅಳತೆಯೂ ಇರುತ್ತಿತ್ತು. ಈ ಎಲೆಯ ತುದಿಯಿಂದ ಆ ಎಲೆಯ ತುದಿಗೆ ಹೊಲಿಗೆ ದಾರ ಹಿಡಿದು, ಅದನ್ನು ಸ್ಕೇಲಿನ ಮೇಲೆ ಇಟ್ಟು ಬರೆಯುತ್ತಿದ್ದರು. ಡೈರಿ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ: 2009ರಲ್ಲಿ 5 ಸೆಂಟಿಮೀಟರ್. 2012ರಲ್ಲಿ 8. 2015ರಲ್ಲಿ ಹನ್ನೊಂದೂವರೆ. 2017ರಲ್ಲಿ 13. 2018ರಲ್ಲೂ 13, ಅದರ ಪಕ್ಕದಲ್ಲಿ ಅತ್ತೆಯ ಅಕ್ಷರ: "ಮಳೆ ಬಿಡಲಿಲ್ಲ, ರಾಣಿಯೂ ನಿಂತಳು." 2020ರಲ್ಲಿ ಹದಿನಾಲ್ಕೂವರೆ. ಅದೇ ಕೊನೆಯದು. ಅತ್ತೆ 2021ರಲ್ಲಿ ಹೋದರು.

ಇಷ್ಟು ವರ್ಷದಲ್ಲಿ ಇಷ್ಟೇ ಬೆಳೆದಿದೆ ಅಂದರೆ ಏನೋ ಕೊರತೆ ಇದೆ ಅಂತ ನನಗೆ ಅನ್ನಿಸಿತು. ಪಕ್ಕದಲ್ಲಿ ಇಟ್ಟ ಬಿಗೋನಿಯಾ ಆರು ತಿಂಗಳಿಗೆ ಚಟ್ಟಿ ತುಂಬುತ್ತದೆ. 2022ರಲ್ಲಿ ಅತ್ತೆಯ ಮಣ್ಣಿನ ಚಟ್ಟಿಯಿಂದ ತೆಗೆದು ದೊಡ್ಡ ಪ್ಲಾಸ್ಟಿಕ್ ಚಟ್ಟಿಗೆ ಹಾಕಿದೆ. ಕೊಟ್ಟಿಗೆ ಗೊಬ್ಬರ, ಕಾಫಿ ಸಿಪ್ಪೆ ಗೊಬ್ಬರ, ಒಂದು ಹಿಡಿ ಕಡಲೆಹಿಂಡಿ ಕೊಟ್ಟೆ. ಚೆನ್ನಾಗಿಯೇ ಬಂತು. 2023ರಲ್ಲಿ 18, ಕಳೆದ ಹುತ್ತರಿಗೆ 22. ಖುಷಿಯಾಗಿತ್ತು. ಎಲೆ ಸ್ವಲ್ಪ ಉದ್ದುದ್ದ ಬಂದು ಬಿಡಿಸಿಕೊಂಡ ಹಾಗೆ ಕಾಣುತ್ತಿತ್ತು, ಬಿಳಿ ಗೆರೆ ಮೊದಲಿನಷ್ಟು ಎದ್ದು ಕಾಣುತ್ತಿರಲಿಲ್ಲ. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಗ್ಗುಲಿನ ಕೆಳಗಿನ ಎಲೆಗಳು ಹಳದಿಯಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿವೆ. ಬೆರಳಿಟ್ಟರೆ ಬೇಯಿಸಿದ ಗೆಣಸಿನ ಹಾಗೆ ಒಳಗೆ ಹೋಗುತ್ತದೆ. ನಿನ್ನೆ ಒಂದು ಎಲೆ ಕೈಗೇ ಬಂತು, ಹುಳಿ ವಾಸನೆ. ನಡುವಿನ ಕುಡಿ ಮಾತ್ರ ಇನ್ನೂ ಗಟ್ಟಿಯಾಗಿದೆ.

ನಮ್ಮ ಯಜಮಾನರು, ಚಟ್ಟಿ ಸಾಲದೆ ಹೀಗಾಗಿದೆ, ನೆಲಕ್ಕೆ ಹಾಕಿಬಿಡು ಅನ್ನುತ್ತಾರೆ. ಹಾಕಲೇ? ನಿಜಕ್ಕೂ ಇದರ ಬೆಳವಣಿಗೆ ಇಷ್ಟೇನಾ? ಹೂ ಬಿಟ್ಟರೆ ಸಾಯುತ್ತದೆ ಅಂತಲೂ ಕೇಳಿದ್ದೇನೆ, ಈಗ ಆಗುತ್ತಿರುವುದು ಅದೇನಾ? ಅತ್ತೆ ಹನ್ನೆರಡು ವರ್ಷ ಕಾಪಾಡಿದ್ದನ್ನು ನಾನು ನಾಲ್ಕು ವರ್ಷದಲ್ಲಿ ಕಳೆದೆ ಅಂತಾಗಬಾರದು. ದಯವಿಟ್ಟು ತಿಳಿದವರು ಹೇಳಿ.


ಗೋಣಿಕೊಪ್ಪ ಹೂಬುಟ್ಟಿ

ಅಕ್ಕಾ, ನನ್ನ ಹತ್ತಿರ ಈ ಗಿಡ ಇಲ್ಲ. ಆದರೆ ಲೋಳೆಸರ ಹೀಗೇ ಕೊಳೆತಾಗ ನೀರು ನಿಲ್ಲಿಸಿ ಉಳಿಸಿಕೊಂಡಿದ್ದೇನೆ. ಮೊದಲು ಆ ಚಟ್ಟಿಯನ್ನು ಮಳೆ ಬೀಳದ ಕಡೆ ಎತ್ತಿಡಿ, ಉಳಿದದ್ದು ಆಮೇಲೆ. ಕುಶಾಲನಗರದ ಅಣ್ಣ ಇದನ್ನು ನೋಡಿದರೆ ಸರಿಯಾಗಿ ಹೇಳುತ್ತಾರೆ, ಅವರ ಮನೆ ಮಹಡಿ ತುಂಬ ಕಳ್ಳಿ, ಕತ್ತಾಳೆಯೇ.


ಕುಶಾಲನಗರ ಕಳ್ಳಿಮನೆ

ಅಕ್ಕಾ, ಮೊದಲು ಒಂದು ಮಾತು. ನೆಲಕ್ಕೆ ಹಾಕಬೇಡಿ. ಇವತ್ತು ಸಂಜೆಯೊಳಗೆ ಗಿಡವನ್ನು ಚಟ್ಟಿಯಿಂದ ಹೊರಗೆ ತೆಗೆಯಿರಿ. ಯಾಕೆ ಅನ್ನುವುದನ್ನು ಕೆಳಗೆ ಬರೆಯುತ್ತೇನೆ, ಓದುವುದು ನಾಳೆಗಾದರೂ ಸರಿ, ತೆಗೆಯುವುದು ಇವತ್ತೇ.

ಚಟ್ಟಿ ಮಗುಚಿ ಮಣ್ಣೆಲ್ಲ ಉದುರಿಸಿ. ಕೈಗೆ ದಪ್ಪ ಗ್ಲೌಸ್ ಇರಲಿ. ಮುಳ್ಳಿಗಿಂತ ರಸದ ಬಗ್ಗೆ ಹೆಚ್ಚು ಎಚ್ಚರ ಬೇಕು, ಕತ್ತಾಳೆ ಜಾತಿಯ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಮೈಗೆ ತಾಗಿದರೆ ಕೆಸುವಿನ ದಂಟು ತಾಗಿದ ಹಾಗೆ ತುರಿಸುತ್ತದೆ. ಮೆತ್ತಗಾದ ಎಲೆಗಳನ್ನೆಲ್ಲ ಬುಡದಿಂದಲೇ ಪಕ್ಕಕ್ಕೆ ಎಳೆದು ಕಿತ್ತುಬಿಡಿ. ಅರ್ಧ ಚೆನ್ನಾಗಿದೆ ಅಂತ ಕನಿಕರಪಟ್ಟು ಯಾವುದನ್ನೂ ಉಳಿಸಬೇಡಿ. ಕಪ್ಪಾಗಿರುವ ಬೇರನ್ನೂ ಕತ್ತರಿಸಿ. ಬುಡದ ದಿಂಡಿನಲ್ಲಿ ಕಂದು ಕಲೆ ಕಂಡರೆ ಹರಿತವಾದ ಚಾಕುವಿನಿಂದ ಬಿಳಿ ಭಾಗ ಬರುವವರೆಗೂ ಸ್ವಲ್ಪ ಸ್ವಲ್ಪವೇ ಕೆತ್ತುತ್ತ ಹೋಗಿ. ಒಂದೊಂದು ಸಲ ಕೆತ್ತಿದ ಮೇಲೂ ಚಾಕು ಒರೆಸಬೇಕು. ಕೆತ್ತಿದ ಜಾಗಕ್ಕೆ, ನಿಮ್ಮ ಮನೆಯಲ್ಲಿ ಕಾಫಿಗೋ ಕರಿಮೆಣಸಿಗೋ ತಂದ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಪುಡಿ ಇದ್ದೇ ಇರುತ್ತದೆ, ಅದನ್ನು ಚೂರು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಆಮೇಲೆ ಬೇರು ಮೇಲೆ ಮಾಡಿ, ನೆರಳಿರುವ, ಗಾಳಿ ಆಡುವ ಕಡೆ ಎರಡು ವಾರ ಹಾಗೇ ಬಿಡಿ. ಮಣ್ಣಿಲ್ಲದೆ ಒಣಗಿ ಹೋಗುತ್ತದೆ ಅಂತ ಹೆದರಬೇಡಿ. ಆ ದಪ್ಪ ಎಲೆಗಳಲ್ಲಿ ಬೇಕಾದಷ್ಟು ನೀರಿದೆ.

ಇನ್ನು ಅದರ ಬೆಳವಣಿಗೆಯ ವಿಷಯ. ನಿಮ್ಮ ಅತ್ತೆಯ ಡೈರಿ ಓದಿ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದಿಂದ ಈ ಗಿಡ ಬೆಳೆಸುತ್ತಿದ್ದೇನೆ, ಹೀಗೆ ಅಳೆದು ಇಡಬೇಕೆಂದು ನನಗೆ ಹೊಳೆದಿರಲಿಲ್ಲ. 2009ರಿಂದ 2017ರವರೆಗೆ ಎಂಟು ವರ್ಷಕ್ಕೆ 8 ಸೆಂಟಿಮೀಟರ್. ವರ್ಷಕ್ಕೆ ಒಂದು. ಚಟ್ಟಿಯಲ್ಲಿರುವ ಈ ಗಿಡಕ್ಕೆ ಇದು ಕೊರತೆಯ ಲೆಕ್ಕ ಅಲ್ಲವೇ ಅಲ್ಲ, ಆರೋಗ್ಯದ ಲೆಕ್ಕ. ಪೂರ್ತಿ ಬೆಳೆದು ನಿಂತರೂ ಇದು ಅಗಲದಲ್ಲಿ ಸುಮಾರು 30ರಿಂದ 45 ಸೆಂಟಿಮೀಟರ್, ಎತ್ತರ ಒಂದು ಅಡಿ ಆಸುಪಾಸು. ಒಂದೊಂದು ಎಲೆ 15ರಿಂದ 20 ಸೆಂಟಿಮೀಟರ್ ಅಷ್ಟೆ. ಬಯಲುಸೀಮೆಯಲ್ಲಿ ಬೇಲಿಗೆ ಹಾಕುವ ದೊಡ್ಡ ಕತ್ತಾಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದರೆ ಏನೋ ಕುಂಠಿತವಾಗಿದೆ ಅನ್ನಿಸುವುದು ಸಹಜ. ಕುಲ ಒಂದೇ ಆದರೂ ಸ್ವಭಾವ ಪೂರ್ತಿ ಬೇರೆ.

ಆ ಸ್ವಭಾವ ಅರ್ಥವಾಗಬೇಕಾದರೆ ಅದು ಹುಟ್ಟಿದ ಜಾಗ ನೋಡಬೇಕು. ಮೆಕ್ಸಿಕೋ ದೇಶದ ಉತ್ತರದಲ್ಲಿ ಚಿವಾವಾ ಮರುಭೂಮಿ, ಅಲ್ಲಿ ಕೊವಾವಿಲಾ, ದುರಾಂಗೊ, ನುಯೆವೊ ಲಿಯೋನ್ ಅನ್ನುವ ರಾಜ್ಯಗಳು. ಸುಣ್ಣಕಲ್ಲಿನ ಕಡಿದಾದ ಕಣಿವೆಗಳ ಗೋಡೆಯಲ್ಲಿ, ಬಂಡೆಯ ಬಿರುಕಿನಲ್ಲಿ ಒಂದು ಹಿಡಿ ಮಣ್ಣೂ ಇಲ್ಲದ ಕಡೆ ಇದು ಕಚ್ಚಿಕೊಂಡು ಬೆಳೆಯುತ್ತದೆ. ಅಲ್ಲಿ ವರ್ಷಕ್ಕೆ ಹತ್ತು ಹದಿನೈದು ಇಂಚು ಮಳೆ. ಅದರಲ್ಲೂ ಹೆಚ್ಚಿನ ಪಾಲು ನಮ್ಮ ಹಾಗೇ ಬೇಸಿಗೆ ಕಳೆಯುವ ಹೊತ್ತಿನ ತಿಂಗಳುಗಳಲ್ಲಿ. ಇಲ್ಲಿ ಒಂದು ವಿಷಯ ಗಮನಿಸಿ. ಮಳೆ ಅಂದರೆ ಇದಕ್ಕೆ ಆಗುವುದಿಲ್ಲ ಅಂತಲ್ಲ. ಅಲ್ಲೂ ಜೋರು ಮಳೆ ಹೊಡೆಯುತ್ತದೆ, ಆದರೆ ಗಂಟೆಯೊಳಗೆ ಬಂಡೆಯಿಂದ ಇಳಿದು ಹೋಗಿ ಮತ್ತೆ ಬಿಸಿಲು. ನಮ್ಮಲ್ಲಿ ಆರಿದ್ರಾ ಹಿಡಿದರೆ ಆಶ್ಲೇಷ ಕಳೆಯುವವರೆಗೆ ಬೇರು ಒಣಗುವುದಿಲ್ಲ, ಸೂರ್ಯನೂ ಕಾಣುವುದಿಲ್ಲ. ಗಿಡವನ್ನು ಕೊಲ್ಲುವುದು ಆ ಬಿಡದ ತೇವ, ಆ ಕತ್ತಲೆ. ಚಳಿಯ ಭಯ ಬೇಡವೇ ಬೇಡ. ಬುಡ ಒಣಗಿದ್ದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುವ ಗಿಡ, ಮಡಿಕೇರಿಯ ಜನವರಿ ಅದಕ್ಕೆ ಏನೂ ಅಲ್ಲ.

ಇದು ಯಾಕೆ ಇಷ್ಟು ನಿಧಾನ ಅಂದರೆ, ಕತ್ತಾಳೆ ಜಾತಿಯವು ಹಗಲಿನಲ್ಲಿ ಎಲೆಯ ರಂಧ್ರ ಮುಚ್ಚಿಟ್ಟುಕೊಂಡು ರಾತ್ರಿ ತೆರೆಯುತ್ತವೆ. ರಾತ್ರಿ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲ ಮಾಡಿ ಕೂಡಿಟ್ಟು, ಮಾರನೇ ದಿನ ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಬೆಳವಣಿಗೆ ಕಡಿಮೆಯಾಗುತ್ತದೆ. ಬರುವ ಪ್ರತಿ ಎಲೆಯನ್ನೂ ಅದು ಹತ್ತಾರು ವರ್ಷ ಇಟ್ಟುಕೊಳ್ಳುವ ಹಾಗೆ ಗಟ್ಟಿಯಾಗಿ ಕಟ್ಟುತ್ತದೆ. ಆ ಬಿಳಿ ಗೆರೆ ಇದೆಯಲ್ಲ, ಅದೂ ಹಾಗೇ ಬಂದದ್ದು. ಕುಡಿಯೊಳಗೆ ಎಲೆಗಳು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡು ತಿಂಗಳುಗಟ್ಟಲೆ ಇರುತ್ತವೆ. ಪಕ್ಕದ ಎಲೆಯ ಅಂಚು ಒತ್ತಿದ ಗುರುತು ಬಿಡಿಸಿಕೊಂಡ ಮೇಲೂ ಅಚ್ಚಾಗಿ ಉಳಿಯುತ್ತದೆ. ನೀವು ಗೊಬ್ಬರ ಕೊಟ್ಟ ಮೇಲೆ ಗೆರೆ ಮಾಸಿದ್ದು ಅದಕ್ಕೇ. ಎಲೆ ಬೇಗ ಬೇಗ ಹೊರಗೆ ಬಂತು, ಒತ್ತಿಕೊಂಡು ಕೂರುವ ಸಮಯ ಸಿಗಲಿಲ್ಲ. ಆ ಏಳೂವರೆ ಸೆಂಟಿಮೀಟರನ್ನು ನಾನು ಬೆಳವಣಿಗೆ ಅಂತ ಲೆಕ್ಕ ಹಾಕುವುದಿಲ್ಲ. ನೀರು ತುಂಬಿದ ಮೆತ್ತನೆ ಎಲೆ, ಸಾರಜನಕ ಹೆಚ್ಚಾದ ಮಣ್ಣು, ಪ್ಲಾಸ್ಟಿಕ್ ಚಟ್ಟಿ, ಮೇಲೆ ನಾಪೋಕ್ಲಿನ ಮಳೆ. ಕೊಳೆಯುವುದಕ್ಕೆ ಇನ್ನೇನು ಬೇಕು?

ಇದು ನಿಮ್ಮ ಪ್ರೀತಿಯ ತಪ್ಪಲ್ಲ ಅಕ್ಕಾ. ಬಿಗೋನಿಯಾಗೆ ತೋರಿಸುವ ಪ್ರೀತಿಯನ್ನು ಇದಕ್ಕೆ ತೋರಿಸಿದಿರಿ, ಅಷ್ಟೆ.

ಹೂವಿನ ಬಗ್ಗೆ ಕೇಳಿದಿರಿ. ಈಗ ಆಗುತ್ತಿರುವುದು ಅದಲ್ಲ. ಹೂ ಬಿಡುವ ಮುಂಚೆ ನಡುವಿನ ಎಲೆಗಳು ಸಣ್ಣಗಾಗಿ, ಕುಡಿ ಎದ್ದು ನಿಲ್ಲುತ್ತದೆ. ನಿಮ್ಮದು ಇನ್ನೂ ಬಿಗಿಯಾಗಿದೆ ಅಂದಿದ್ದೀರಿ. ಸಾಮಾನ್ಯವಾಗಿ ಇದಕ್ಕೆ ಹೂ ಬರಲು 20ರಿಂದ 30 ವರ್ಷ ಹಿಡಿಯುತ್ತದೆ, ಇಕ್ಕಟ್ಟಾದ ಚಟ್ಟಿಯಲ್ಲಿ ಇನ್ನೂ ಮುಂದಕ್ಕೆ ಹೋಗಬಹುದು. ನಿಮ್ಮ ರಾಣಿಗೆ ಇನ್ನೂ ಕಾಲ ಇದೆ.

ನನಗೆ ಒಂದು ತಿಳಿಯಬೇಕು. ಅತ್ತೆ ಮಳೆಗಾಲದಲ್ಲಿ ಅದನ್ನು ಎಲ್ಲಿಡುತ್ತಿದ್ದರು? ಹಳೇ ಚಟ್ಟಿಯ ಮಣ್ಣು ಹೇಗಿತ್ತು, ನೆನಪಿದೆಯೇ?


ನಾಪೋಕ್ಲು ತೋಟದಮನೆ

ಅಣ್ಣಾ, ನೀವು ಹೇಳಿದ ಹಾಗೆ ಸಂಜೆಯೇ ತೆಗೆದೆ. ಹನ್ನೊಂದು ಎಲೆ ಕಿತ್ತೆ. ಬೇರು ಅರ್ಧಕ್ಕರ್ಧ ಕಪ್ಪಾಗಿತ್ತು. ಬುಡದ ದಿಂಡಿನಲ್ಲಿ ಒಂದು ಎಂಟಾಣೆಯಷ್ಟು ಅಗಲ ಕಂದು ಇತ್ತು, ಕೆತ್ತಿ ಕೆತ್ತಿ ಬಿಳಿ ಬಂತು. ಯಜಮಾನರೇ ಟಾರ್ಚ್ ಹಿಡಿದು ನಿಂತಿದ್ದರು. ನೆಲಕ್ಕೆ ಹಾಕುವ ಮಾತು ಈಗ ಅವರೂ ಎತ್ತುವುದಿಲ್ಲ. ಪುಡಿ ಕಲಸಿ ಹಚ್ಚಿ, ಅಟ್ಟದ ಮೆಟ್ಟಿಲ ಹತ್ತಿರ ಬೆತ್ತದ ಬುಟ್ಟಿಯಲ್ಲಿ ತಲೆಕೆಳಗಾಗಿ ಇಟ್ಟಿದ್ದೇನೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೇ ಎಷ್ಟೋ ವಿಷಯ ಅರ್ಥವಾಯಿತು. ಅತ್ತೆಯ ಚಟ್ಟಿಯ ಮಣ್ಣು ಅಂದರೆ ಮುಕ್ಕಾಲು ಪಾಲು ಕಲ್ಲೇ. ಒಡೆದ ಹಂಚಿನ ಚೂರು, ಹೊಳೆಯ ದಪ್ಪ ಮರಳು, ಒಲೆಯ ಇದ್ದಿಲು. ಬದಲಾಯಿಸುವಾಗ "ಇದೇನು ಮಣ್ಣೇ ಇಲ್ಲ" ಅಂತ ಹೇಳಿ ಅದನ್ನೆಲ್ಲ ಅಂಗಳದ ಮೂಲೆಗೆ ಸುರಿದವಳು ನಾನೇ. ಜೂನ್ ಬಂದರೆ ರಾಣಿ ಹೊರಗಿನ ಜಗಲಿಯಿಂದ ಒಳಗೆ ಬರುತ್ತಿತ್ತು. ಕಾಫಿ ಚೀಲ ಇಡುವ ಕೋಣೆಯಲ್ಲಿ ಪಶ್ಚಿಮದ ಕಿಟಕಿ ಇದೆ, ಅದರ ಅಡ್ಡಹಲಗೆಯ ಮೇಲೆ. ಕೈಲ್‌ಪೊಳ್ದು ಹಬ್ಬ (ಸೆಪ್ಟೆಂಬರ್) ಮುಗಿಯುವವರೆಗೆ ಒಂದು ತೊಟ್ಟು ನೀರು ಕೊಡುತ್ತಿರಲಿಲ್ಲ. ಅದಕ್ಕೆ ಉಪವಾಸ ಅಂತ ಹೇಳುತ್ತಿದ್ದರು. ನಾನು ಜಗಲಿಯ ಅಂಚಿನಲ್ಲೇ ಬಿಟ್ಟೆ. ಸೂರಿನ ನೀರು ನೇರ ಚಟ್ಟಿಗೆ ಬೀಳುತ್ತಿತ್ತು.

ಅತ್ತೆ ಇದನ್ನೆಲ್ಲ ಯಾರಿಂದ ಕಲಿತರೋ ಗೊತ್ತಿಲ್ಲ. ಕೇಳಿದ್ದರೆ ಹೇಳುತ್ತಿದ್ದರು. ಕೇಳಲಿಲ್ಲ.

ಮುಂದೆ ನೆಡುವಾಗ ಹೇಗೆ ಮಾಡಲಿ?


ಕುಶಾಲನಗರ ಕಳ್ಳಿಮನೆ

ಅಂಗಳದ ಮೂಲೆಗೆ ಸುರಿದದ್ದು ಇನ್ನೂ ಅಲ್ಲೇ ಇದ್ದರೆ ಬಾಚಿ ತೊಳೆದು ಒಣಗಿಸಿ, ಅದನ್ನೇ ಹಾಕಿ. ಅದಕ್ಕಿಂತ ಒಳ್ಳೆಯದು ನನ್ನಲ್ಲೂ ಇಲ್ಲ. ಸಾಲದಿದ್ದರೆ ಮನೆ ಕಟ್ಟುವ ಕಡೆ ಸಿಗುವ ಸಣ್ಣ ಜಲ್ಲಿ, ಇಟ್ಟಿಗೆ ಚೂರು ಸೇರಿಸಿ. ನಾಲ್ಕು ಪಾಲಿನಲ್ಲಿ ಒಂದು ಪಾಲು ತೋಟದ ಮಣ್ಣು ಸಾಕು. ನಮ್ಮ ಮಣ್ಣು ಹುಳಿ, ಕಾಫಿಗೆ ಸುಣ್ಣ ಹಾಕುತ್ತೀರಲ್ಲ, ಅದರಲ್ಲಿ ಒಂದು ಚಿಟಿಕೆ ಬೆರೆಸಿ. ಹುಟ್ಟಿದ ಊರು ಸುಣ್ಣಕಲ್ಲಿನದು.

ಮಣ್ಣಿನ ಚಟ್ಟಿಯೇ ಆಗಬೇಕು. ಬೇರಿನ ಗಂಟಿಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ಕೆಳಗೆ ಮೂರು ಹಂಚಿನ ಚೂರು ಕೊಟ್ಟು ನೆಲದಿಂದ ಎತ್ತಿಡಿ. ನಾನು ಇನ್ನೊಂದು ಮಾಡುತ್ತೇನೆ, ಗಿಡವನ್ನು ನೇರ ನೆಡದೆ ಒಂದು ಪಕ್ಕಕ್ಕೆ ಓರೆಯಾಗಿ ನೆಡುತ್ತೇನೆ. ಬಂಡೆಗೋಡೆಯಲ್ಲಿ ಅದು ಇರುವುದೇ ಹಾಗೆ, ಎಲೆಗಳ ಸಂದಿಯಲ್ಲಿ ನೀರು ನಿಲ್ಲುವುದಿಲ್ಲ. ನೆಟ್ಟ ಮೇಲೂ ಹತ್ತು ದಿನ ನೀರು ಬೇಡ. ಆಮೇಲೆ ಡಿಸೆಂಬರಿನಿಂದ ಮೇವರೆಗೆ, ಮಣ್ಣು ಪೂರ್ತಿ ಒಣಗಿದ ಮೇಲೆ ಒಂದು ಸಲ ಚೆನ್ನಾಗಿ ಕೊಡುವುದು, ಮತ್ತೆ ಒಣಗುವವರೆಗೆ ಮರೆತುಬಿಡುವುದು. ಮಾರ್ಚಿನ ಹೂಮಳೆ ಬಂದರೆ ಹೊರಗೇ ನೆನೆಯಲಿ, ಅದು ಅದಕ್ಕೂ ಇಷ್ಟ. ಗೊಬ್ಬರ ಕೊಡಲೇಬೇಕು ಅನ್ನಿಸಿದರೆ ಏಪ್ರಿಲಿನಲ್ಲಿ ಒಂದೇ ಸಲ, ಪೊಟ್ಟಣದ ಮೇಲೆ ಹೇಳಿದ್ದರ ಅರ್ಧಕ್ಕಿಂತ ಕಡಿಮೆ.

ಮಳೆಗಾಲಕ್ಕೆ ಅತ್ತೆಯ ಕಿಟಕಿ ಒಳ್ಳೆಯದೇ. ಅದಕ್ಕಿಂತ ಒಳ್ಳೆಯ ಜಾಗ ಈಗಿನ ತೋಟದ ಮನೆಗಳಲ್ಲಿ ಇದೆ. ಕಾಫಿ ಒಣಗಿಸಲು ಪ್ಲಾಸ್ಟಿಕ್ ಹಾಳೆ ಹೊದಿಸಿದ ಪಾಲಿಹೌಸ್ ಕಟ್ಟಿಸಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಖಾಲಿ. ಬೆಳಕು ಪೂರ್ತಿ, ಮಳೆ ಇಲ್ಲ. ಅದರ ಪಕ್ಕದ ಪರದೆ ಎತ್ತಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನಮ್ಮ ಕುಶಾಲನಗರದಲ್ಲಿ ನಲವತ್ತು ಇಂಚಿನ ಆಸುಪಾಸು ಮಳೆ, ನಾನು ಮಹಡಿಯಲ್ಲಿ ಒಂದು ಹಾಳೆ ಕಟ್ಟಿ ಸುಧಾರಿಸುತ್ತೇನೆ. ಭಾಗಮಂಡಲದ ಕಡೆ ಇನ್ನೂರು ಇಂಚು ದಾಟುವ ವರ್ಷಗಳಿವೆ. ಒಂದೇ ಜಿಲ್ಲೆಯಾದರೂ ನನ್ನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ, ನಾಪೋಕ್ಲಿಗೂ ಹೊಂದುವುದಿಲ್ಲ. ಹಾಗಾಗಿ ನಿಮ್ಮ ಅತ್ತೆಯ ಡೈರಿಯನ್ನೇ ನಂಬಿ.

ಒಂದು ಎಚ್ಚರಿಕೆ. ಮೂರು ತಿಂಗಳು ಒಳಗಿದ್ದ ಗಿಡವನ್ನು ತುಲಾ ಸಂಕ್ರಮಣದ ಬಿಸಿಲು ಕಂಡೊಡನೆ ಹೊರಗೆ ಇಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ಆ ಕಲೆ ಆ ಎಲೆ ಇರುವವರೆಗೂ ಹೋಗುವುದಿಲ್ಲ, ಅಂದರೆ ಹತ್ತು ಹದಿನೈದು ವರ್ಷ. ಕರಿಮೆಣಸು ಬಳ್ಳಿಯ ನರ್ಸರಿಗೆ ಕಟ್ಟುವ ಹಸಿರು ನೆಟ್ಟಿನ ಕೆಳಗೆ ಎರಡು ವಾರ ಇಟ್ಟು ಆಮೇಲೆ ಹೊರಗೆ ತನ್ನಿ.


ಶನಿವಾರಸಂತೆ ಮಣ್ಣಿನಮನೆ

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಶಂಖದ ಹುಳುವಿನ ಕಾಟ. ಗಟ್ಟಿ ಎಲೆ ಅಂತ ನಾನು ಗಮನಿಸಿರಲಿಲ್ಲ, ಎಳೆ ಕುಡಿಯನ್ನು ರಾತ್ರಿ ಕೆರೆದು ಹಾಕಿತ್ತು. ಈಗ ಚಟ್ಟಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೇನೆ. ಎಲೆ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕೂತರೂ ಬೇಗ ಕಾಣುವುದಿಲ್ಲ, ಬಿಳಿ ಗೆರೆಯ ಜೊತೆ ಸೇರಿಕೊಂಡುಬಿಡುತ್ತದೆ. ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಸಣ್ಣ ಮಕ್ಕಳಿರುವ ಮನೆಯಾದರೆ ಮುಳ್ಳಿನ ತುದಿಯನ್ನು ಮಾತ್ರ ಉಗುರು ಕತ್ತರಿಯಿಂದ ಚೂರು ಕತ್ತರಿಸಿಟ್ಟರೆ ಗಿಡಕ್ಕೆ ಏನೂ ಆಗುವುದಿಲ್ಲ.

ಮತ್ತೆ, ಮರಿ ಬಿಡುತ್ತದಾ ಅಂತ ಕೇಳುವವರಿಗೆ: ನನ್ನದು ಹನ್ನೆರಡು ವರ್ಷದಿಂದ ಒಂಟಿ. ಇದರಲ್ಲಿ ಬಹುಪಾಲು ಒಂಟಿಯೇ, ಬುಡದಲ್ಲಿ ಮರಿ ಬಿಡುವ ಬಗೆ ಅಪರೂಪಕ್ಕೆ ಸಿಗುತ್ತದೆ.


ಮಡಿಕೇರಿ ಕೋಟೆಬೀದಿ

ಗಿಡದ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ, ಇತಿಹಾಸ ಪಾಠ ಮಾಡಿದವನು. ನಿಮ್ಮ ಅತ್ತೆ ಇಟ್ಟ ಹೆಸರು ಓದಿದಾಗಿನಿಂದ ಒಂದು ಮಾತು ಹೇಳಬೇಕೆನ್ನಿಸುತ್ತಿದೆ.

ಈ ಗಿಡಕ್ಕೆ ಅಗಾವೆ ವಿಕ್ಟೋರಿಯೆ-ರೆಜಿನೆ ಎಂದು ಹೆಸರಿಟ್ಟವರು ಥಾಮಸ್ ಮೂರ್ ಎಂಬ ಇಂಗ್ಲಿಷ್ ಸಸ್ಯತಜ್ಞರು, 1875ರಲ್ಲಿ. ಆಗ ಸಿಂಹಾಸನದಲ್ಲಿದ್ದ ವಿಕ್ಟೋರಿಯಾ ರಾಣಿಯ ಗೌರವಕ್ಕೆ. ಆ ರಾಣಿಗೂ ನಮ್ಮ ಕೊಡಗಿಗೂ ಒಂದು ನಂಟು ಇದೆ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. 1852ರಲ್ಲಿ ಆ ಹುಡುಗಿಗೆ ಕ್ರೈಸ್ತ ದೀಕ್ಷೆಯಾದಾಗ ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿಯೇ, ತನ್ನ ಹೆಸರನ್ನೇ ಅವಳಿಗೂ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ. ಭಾರತಕ್ಕೆ ಮರಳದೆ 1864ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡಳು, ಇನ್ನೂ ಇಪ್ಪತ್ತರ ಹರೆಯ. ಅದಾಗಿ ಹನ್ನೊಂದು ವರ್ಷಕ್ಕೆ ಈ ಗಿಡಕ್ಕೆ ಅದೇ ಹೆಸರು ಬಂತು.

ಮೆಕ್ಸಿಕೋದ ಬಂಡೆಯಲ್ಲಿ ಹುಟ್ಟಿದ್ದು ನಾಪೋಕ್ಲಿನ ಕಿಟಕಿಯಲ್ಲಿ ಬದುಕಿದೆ. ಕೊಡಗಿನ ರಾಜನ ಮಗಳ ಗೋರಿ ಲಂಡನ್ನಿನಲ್ಲಿದೆ. ನಿಮ್ಮ ಡೈರಿಯ ಹಾಳೆಯಲ್ಲಿ 'ರಾಣಿ' ಎಂಬ ಪದ ಓದಿದಾಗ ನನಗೆ ಇವಳೇ ನೆನಪಾದಳು. ಗಿಡ ಉಳಿಯಲಿ.


ವಿರಾಜಪೇಟೆ ಮೇಲಿನಮನೆ

ಮೈಸೂರಿನಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಇದು ಹೂ ಬಿಟ್ಟದ್ದನ್ನು ಕಣ್ಣಾರೆ ಕಂಡವಳು ನಾನು. ಇಪ್ಪತ್ತಾರು ವರ್ಷ ಕಾಂಪೌಂಡಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಗಿಡ. ಒಂದು ಫೆಬ್ರವರಿಯಲ್ಲಿ ನಡುವಿನಿಂದ ದಪ್ಪ ಶತಾವರಿ ಕುಡಿಯ ಹಾಗೆ ಒಂದು ದಂಟು ಎದ್ದಿತು. ಬೆಳಿಗ್ಗೆ ನೋಡಿದ್ದಕ್ಕೂ ಸಂಜೆ ನೋಡಿದ್ದಕ್ಕೂ ವ್ಯತ್ಯಾಸ ಕಾಣುತ್ತಿತ್ತು. ಒಂದು ಅಡಿ ಎತ್ತರದ ಗಿಡದಿಂದ ಎದ್ದ ದಂಟು ಹೆಂಚಿನ ಸೂರು ದಾಟಿ ಹೋಯಿತು. ಹನ್ನೆರಡು ಅಡಿಗೆ ಕಡಿಮೆ ಇರಲಿಲ್ಲ. ದೊಡ್ಡ ಕತ್ತಾಳೆಯ ಹೂಗಂಬದ ಹಾಗೆ ಕೊಂಬೆ ಒಡೆಯುವುದಿಲ್ಲ, ನೇರ ಒಂದೇ ಕೋಲು, ಅದರ ಸುತ್ತ ಒತ್ತಾಗಿ ಜೋಡಿ ಜೋಡಿ ಹೂ, ಹಸಿರು ಬೆರೆತ ಕೆನೆ ಬಣ್ಣ. ಜೇನು ಮುತ್ತಿ ಇಡೀ ಕಂಬವೇ ಗುಂಯ್ ಅನ್ನುತ್ತಿತ್ತು. ಕೆಳಗಿನ ಎಲೆಗಳು ದಿನದಿಂದ ದಿನಕ್ಕೆ ಸುಕ್ಕಾಗುತ್ತ ಹೋದವು. ಕೂಡಿಟ್ಟದ್ದನ್ನೆಲ್ಲ ಆ ಕಂಬಕ್ಕೆ ಕೊಟ್ಟುಬಿಟ್ಟಿತು. ಮಳೆ ಶುರುವಾಗುವ ಹೊತ್ತಿಗೆ ಗಿಡ ಒಣಗಿತ್ತು.

ಚಿಕ್ಕಮ್ಮ ದಂಟನ್ನು ಕತ್ತರಿಸಿದರೆ ಗಿಡ ಉಳಿಯುತ್ತದೆಯೋ ಅಂತ ಎಲ್ಲರನ್ನೂ ಕೇಳಿದ್ದರು. ಉಳಿಯುವುದಿಲ್ಲ. ಹೂ ಬಿಡುವುದು ಅಂತ ಅದು ಒಳಗೆ ತೀರ್ಮಾನಿಸಿದ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಕತ್ತರಿಸದೆ ಬಿಟ್ಟದ್ದೇ ಒಳ್ಳೆಯದಾಯಿತು, ಬೀದಿಯವರೆಲ್ಲ ಬಂದು ನೋಡಿದರು.

ಇನ್ನೊಂದು ಮಾತು, ಹೊಸದಾಗಿ ಕೊಳ್ಳುವವರಿಗೆ. ಬೀಜದಿಂದ ಎಬ್ಬಿಸಿದ ಸಣ್ಣ ಗಿಡವನ್ನೇ ಕೊಳ್ಳಿ. ಕಾಡಿನಿಂದ ಕಿತ್ತು ಮಾರುವುದು ಹೆಚ್ಚಿದ್ದರಿಂದ ಇದು, ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಸೇರಿದೆ, ದೇಶದಿಂದ ದೇಶಕ್ಕೆ ಹೋಗಬೇಕಾದರೆ ಕಾಗದಪತ್ರ ಬೇಕು. ಬಂಡೆಯ ಬಿರುಕಿನಲ್ಲಿ ಮೂವತ್ತು ವರ್ಷ ಕೂತ ಗಿಡವನ್ನು ಕೀಳಲು ಐದು ನಿಮಿಷ ಸಾಕು.


ನಾಪೋಕ್ಲು ತೋಟದಮನೆ

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ತಡವಾಗಿ ಬರೆಯುತ್ತಿದ್ದೇನೆ, ಹಬ್ಬದ ಗಡಿಬಿಡಿ, ಮೇಲೆ ಕಾಫಿ ಕುಯ್ಲಿನ ತಯಾರಿ.

ಎರಡು ವಾರ ಅಂದಿದ್ದರು ಅಣ್ಣ, ನಾನು ಮೂರು ವಾರ ಬಿಟ್ಟೆ. ನಡುವೆ ನಾಲ್ಕು ದಿನ ಮೋಡ ಹಾಕಿ ತೇವ ಜಾಸ್ತಿಯಿತ್ತು. ಕೆತ್ತಿದ ಜಾಗ ತೊಗಟೆಯ ಹಾಗೆ ಒಣಗಿ ಗಟ್ಟಿಯಾಯಿತು, ಕೊಳೆ ಮುಂದುವರಿದಿಲ್ಲ. ಕಡೆಯ ವಾರದಲ್ಲಿ ಬುಡದಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಮೊನೆಗಳು ಎರಡು ಮೂರು ಕಂಡವು. ಹೊಸ ಬೇರು ಇರಬೇಕು ಅಂತ ಯಜಮಾನರು ಕನ್ನಡಕ ಹಾಕಿಕೊಂಡು ನೋಡಿ ಹೇಳಿದರು.

ಅಂಗಳದ ಮೂಲೆಯ ಹಂಚಿನ ಚೂರು, ಇದ್ದಿಲು ಬಾಚಿ ತಂದೆ. ಮೂರು ವರ್ಷದ ಮಣ್ಣು, ಹುಲ್ಲು ಹತ್ತಿತ್ತು, ಜರಡಿ ಹಿಡಿದು ತೊಳೆದು ಬಿಸಿಲಿಗೆ ಹಾಕಿದೆ. ಅತ್ತೆಯ ಹಳೇ ಚಟ್ಟಿಯೂ ಕೊಟ್ಟಿಗೆಯಲ್ಲಿ ಸಿಕ್ಕಿತು, ಅಂಚು ಒಂದು ಕಡೆ ಒಡೆದಿದೆ, ಪರವಾಗಿಲ್ಲ. ಕಿತ್ತ ಎಲೆಗಳೆಲ್ಲ ಹೋದ ಮೇಲೆ ಗಿಡ ಅದಕ್ಕೆ ಸರಿಯಾಗಿ ಕೂತಿತು. ಅಣ್ಣ ಹೇಳಿದ ಹಾಗೆ ಓರೆಯಾಗಿಯೇ ನೆಟ್ಟಿದ್ದೇನೆ.

ಕೋಟೆಬೀದಿಯವರು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಗೌರಮ್ಮನ ವಿಷಯ ಅತ್ತೆಗೆ ಗೊತ್ತಿತ್ತೋ ಇಲ್ಲವೋ ಅಂತ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಅವರ ಪುಸ್ತಕದ ಪೆಟ್ಟಿಗೆ ಇನ್ನೂ ಪೂರ್ತಿ ತೆಗೆದು ನೋಡಿಲ್ಲ.

ಹುತ್ತರಿಯ ಮಾರನೇ ದಿನ ದಾರ ಹಿಡಿದೆ. ಹದಿನಾರೂವರೆ ಸೆಂಟಿಮೀಟರ್. ಕಳೆದ ವರ್ಷಕ್ಕಿಂತ ಐದೂವರೆ ಕಡಿಮೆ. ಅತ್ತೆಯ ಹದಿನಾಲ್ಕೂವರೆಗೆ ಐದು ವರ್ಷದ್ದು ಕೂಡಿಸಿ ನೋಡಿದರೆ ಹತ್ತೊಂಬತ್ತೋ ಏನೋ ಇರಬೇಕಿತ್ತು. ಅತ್ತೆಯ ಡೈರಿಯಲ್ಲೇ, ಅವರ ಕೊನೆಯ ಸಾಲಿನ ಕೆಳಗೆ ಜಾಗ ಇತ್ತು. ಅಲ್ಲಿ ನನ್ನ ಮೂರು ವರ್ಷದ ಅಳತೆಯನ್ನೂ, ಏನೇನು ಹಾಕಿದೆ ಅನ್ನುವುದನ್ನೂ, ಈ ವರ್ಷದ್ದನ್ನೂ ಬರೆದಿದ್ದೇನೆ. ಚಟ್ಟಿ ಈಗ ಕಾಫಿ ಕೋಣೆಯ ಪಶ್ಚಿಮದ ಕಿಟಕಿಯಲ್ಲಿದೆ. ನೆಟ್ಟು ಇವತ್ತಿಗೆ ಎಂಟು ದಿನ. ಮೊದಲ ನೀರು ಶನಿವಾರ.